ಕಿಟಕಿಗೆ ಬ್ರಾಂಡ್ ಕೊನೆಗೆ, ಮಳೆಯ ದಿಕ್ಕು ಮೊದಲು

ಪ್ರಶ್ನೆ: ಉಡುಪಿಯ ಹತ್ತಿರ, ಕಡಲಿನಿಂದ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮುರಕಲ್ಲಿನ ಗೋಡೆ ಈಗ ಕಿಟಕಿಯ ತಳಮಟ್ಟಕ್ಕೆ ಬಂದಿದೆ. ತಂದೆಯವರು ತೇಗವೇ ಆಗಬೇಕು ಅನ್ನುತ್ತಾರೆ. ಎಂಜಿನಿಯರ್ ಯುಪಿವಿಸಿ ಹಾಕಿಸಿ ಅನ್ನುತ್ತಾರೆ. ಅಲ್ಯೂಮಿನಿಯಂ ಸ್ಲೈಡಿಂಗ್ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ ಎಂಬುದು ಗುತ್ತಿಗೆದಾರರ ಮಾತು. ಯುಪಿವಿಸಿಯಲ್ಲೇ ಹತ್ತಾರು ಬ್ರಾಂಡುಗಳು. ಒಬ್ಬರ ದರಕ್ಕೂ ಇನ್ನೊಬ್ಬರ ದರಕ್ಕೂ ತಾಳೆಯಿಲ್ಲ. ಯಾವ ವಸ್ತು, ಯಾವ ಬ್ರಾಂಡ್ ಆರಿಸಬೇಕು?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಮಳೆ ಬಡಿಯುವ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಬಿಳಿಯ ಯುಪಿವಿಸಿ ಹಾಕಿಸಿ; ಅದೂ ಜಾರುವ ಕಿಟಕಿ ಬೇಡ, ಬಿಜಾಗರಿಯ ಮೇಲೆ ಹೊರಕ್ಕೆ ತೆರೆಯುವ ಕಿಟಕಿ ಇರಲಿ. ಜಗಲಿಯ ಮಾಡಿನ ಕೆಳಗೆ ಮಳೆ ಬಿಸಿಲು ತಾಗದ ಕಿಟಕಿಗಳಿಗೆ ತಂದೆಯವರ ಆಸೆಯಂತೆ ಮರ ಹಾಕಿಸಿ, ಅಲ್ಲಿ ಅದು ಬಾಳಿಕೆ ಬರುತ್ತದೆ. ಅಲ್ಯೂಮಿನಿಯಂ ಬೇಕಾಗುವುದು ಅಂಗಳಕ್ಕೋ ಹಿತ್ತಲಿಗೋ ತೆರೆಯುವ ಅಗಲವಾದ ಜಾಗಕ್ಕೆ ಮಾತ್ರ. ಬ್ರಾಂಡ್ ಯಾವುದೆಂಬುದನ್ನು ಇವೆಲ್ಲ ತೀರ್ಮಾನವಾದ ಮೇಲೆ ನೋಡಿ. ಒಂದೇ ಮನೆಗೆ ಒಂದೇ ವಸ್ತು ಇರಬೇಕೆಂಬ ನಿಯಮವೇನೂ ಇಲ್ಲ. ಒಂದು ಮನೆಯ ನಾಲ್ಕು ಗೋಡೆಗಳಿಗೆ ನಾಲ್ಕು ಬಗೆಯ ಹವೆ ತಾಗುತ್ತದೆ. ಕಿಟಕಿ ಆ ಹವೆಗೆ ತಕ್ಕಂತಿರಬೇಕು.

ಗೋಡೆ ಗೋಡೆಗೂ ಬೇರೆ ಲೆಕ್ಕ

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬರುತ್ತದೆ, ಅದೂ ಪಡುವಣ ಮತ್ತು ನೈಋತ್ಯದ ಗಾಳಿಯ ಜೊತೆಗೆ. ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತದೆ. ಒಂದೂವರೆ ಅಡಿಯ ಸಜ್ಜ ಆಗ ಸಾಲದು. ಸಂಜೆಯ ಇಳಿಬಿಸಿಲೂ ಅದೇ ಪಡುವಣದಿಂದ ಸಜ್ಜದ ಕೆಳಗೆ ನುಸುಳಿ ಬರುತ್ತದೆ. ಉಪ್ಪಿನ ಗಾಳಿಯ ದಿಕ್ಕೂ ಅದೇ. ನೀರು, ಬಿಸಿಲು, ಉಪ್ಪು ಮೂರೂ ಒಂದೇ ಕಡೆಯಿಂದ ಬರುವಾಗ ಪಡುವಣ ಗೋಡೆಯ ಕಿಟಕಿಗೂ ಮೂಡಣ ಗೋಡೆಯ ಕಿಟಕಿಗೂ ಒಂದೇ ದರಪಟ್ಟಿ ತರಿಸುವುದರಲ್ಲಿ ಅರ್ಥವಿಲ್ಲ.

ಗೋಡೆ ಇನ್ನೂ ಕಿಟಕಿಯ ತಳಮಟ್ಟದಲ್ಲಿದೆ ಎಂದಿದ್ದೀರಿ. ಹಾಗಿದ್ದರೆ ಕಿಟಕಿಗೆ ಅತಿ ಹೆಚ್ಚು ಆಯಸ್ಸು ಕೊಡುವ ಕೆಲಸ ಇನ್ನೂ ನಿಮ್ಮ ಕೈಯಲ್ಲಿದೆ. ಪಡುವಣದ ಸಜ್ಜವನ್ನು ಕನಿಷ್ಠ ಎರಡು ಅಡಿ ಮುಂದಕ್ಕೆ ಚಾಚಿಸಿ, ಸಾಧ್ಯವಾದರೆ ಎರಡೂ ಬದಿಗೆ ಮುಕ್ಕಾಲಡಿಯಷ್ಟು ಅಗಲವಾಗಿಸಿ. ಸಜ್ಜದ ಅಡಿಯಲ್ಲಿ, ಹೊರಅಂಚಿನ ಹತ್ತಿರ, ಉದ್ದಕ್ಕೂ ಒಂದು ಬೆರಳಗಲದ ತೋಡು ಬಿಡಿಸಿ. ನೀರು ಅಡಿಭಾಗಕ್ಕೆ ಅಂಟಿಕೊಂಡು ಒಳಕ್ಕೆ ಹರಿದುಬರದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕಿಟಕಿಯ ತಳಕ್ಕೆ ಹಾಕುವ ಗ್ರಾನೈಟ್ ಹಲಗೆ ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಒಂದಿಂಚು ಮುಂದೆ ಚಾಚಿರಲಿ, ಅದರ ಅಡಿಯಲ್ಲೂ ಅಂಥದೇ ತೋಡು ಇರಲಿ. ಇದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಇದಿಲ್ಲದಿದ್ದರೆ ಯಾವ ದುಬಾರಿ ಬ್ರಾಂಡ್ ಹಾಕಿಸಿದರೂ ಚೌಕಟ್ಟಿನ ಅಂಚಿನಿಂದ ನೀರು ಗೋಡೆಗೆ ಇಳಿಯುತ್ತದೆ.

ತೆರೆಯುವ ಬಗೆ ವಸ್ತುವಿಗಿಂತ ಮುಖ್ಯ

ಕರಾವಳಿಯ ಸೆಕೆಯಲ್ಲಿ ಕಿಟಕಿಯ ಮೊದಲ ಕೆಲಸ ಗಾಳಿ ತರುವುದು. ಮನೆಗಳ ಇಂಧನ ಉಳಿತಾಯಕ್ಕಾಗಿ 2018ರಲ್ಲಿ ಹೊರಬಂದ ಇಕೋ ನಿವಾಸ್ ಸಂಹಿತೆಯು ಸೆಕೆ ಮತ್ತು ತೇವ ಎರಡೂ ಇರುವ ಪ್ರದೇಶಗಳಲ್ಲಿ, ಹೊರಕ್ಕೆ ತೆರೆಯಬಲ್ಲ ಜಾಗವು ನೆಲದ ವಿಸ್ತೀರ್ಣದ ಆರನೆಯ ಒಂದು ಭಾಗವಾದರೂ ಇರಬೇಕೆನ್ನುತ್ತದೆ. ಅದೇ ಅಳತೆಯನ್ನು ನಿಮ್ಮ ಒಂದು ಮಲಗುವ ಕೋಣೆಗೆ ಹಚ್ಚಿ ನೋಡಿ. ಕೋಣೆ 12 ಅಡಿಗೆ 12 ಅಡಿ ಇದ್ದರೆ ನೆಲ 144 ಚದರ ಅಡಿ. ತೆರೆಯಬೇಕಾದ ಜಾಗ 24 ಚದರ ಅಡಿ. ಎರಡು ಕದಗಳ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದ ಇನ್ನೊಂದರ ಹಿಂದೆ ಸರಿಯುವುದರಿಂದ ಅರ್ಧ ಮಾತ್ರ ತೆರೆಯುತ್ತದೆ. ಹಾಗಾಗಿ 48 ಚದರ ಅಡಿಯ ಕಿಟಕಿ ಬೇಕಾಗುತ್ತದೆ. ಬಿಜಾಗರಿಯ ಕಿಟಕಿ ಸುಮಾರು ಶೇ 90ರಷ್ಟು ತೆರೆಯುತ್ತದೆ. 27 ಚದರ ಅಡಿ ಸಾಕು. ಚದರ ಅಡಿಯ ದರದಲ್ಲಿ ಸ್ಲೈಡಿಂಗ್ ಅಗ್ಗವೆನಿಸಿದರೂ, ಒಳಬರುವ ಗಾಳಿಯ ಲೆಕ್ಕದಲ್ಲಿ ಅದು ಅಗ್ಗವಲ್ಲ.

ಮಳೆಯ ವಿಷಯದಲ್ಲೂ ಹೀಗೆಯೇ. ಸ್ಲೈಡಿಂಗ್ ಕದ ಸರಿದಾಡಬೇಕಾದ್ದರಿಂದ ಅದರ ಅಂಚಿಗೆ ಬ್ರಷ್‌ನಂಥ ಪಟ್ಟಿ ಹಾಕುತ್ತಾರೆ. ಅದು ಗಾಳಿಯನ್ನಾಗಲಿ ನೀರನ್ನಾಗಲಿ ಪೂರ್ತಿ ತಡೆಯಲಾರದು. ನೀರು ಹಳಿಗೆ ಇಳಿಯುತ್ತದೆ, ಹಳಿಯ ಸಣ್ಣ ತೂತುಗಳಿಂದ ಹೊರಹೋಗಬೇಕು. ಗಾಳಿಯ ಒತ್ತಡ ಜೋರಾದಾಗ, ಅಥವಾ ತೂತಿಗೆ ಧೂಳು ಕಟ್ಟಿದಾಗ, ಅದೇ ನೀರು ಒಳಕ್ಕೆ ಉಕ್ಕುತ್ತದೆ. ಬಿಜಾಗರಿಯ ಕದವನ್ನು ಹಿಡಿ ತಿರುಗಿಸಿ ಮುಚ್ಚಿದಾಗ ಅದು ರಬ್ಬರ್ ಪಟ್ಟಿಯನ್ನು ಸುತ್ತಲೂ ಒತ್ತಿ ಕೂರುತ್ತದೆ. ಪಡುವಣಕ್ಕೆ ಸ್ಲೈಡಿಂಗ್ ಬೇಡವೆಂದದ್ದು ಇದಕ್ಕಾಗಿ.

ಇನ್ನೊಂದು ಬಗೆಯನ್ನು ಕರಾವಳಿಯ ಮನೆಗಳು ಇನ್ನೂ ಹೆಚ್ಚು ಬಳಸಿಕೊಳ್ಳಬೇಕು: ಮೇಲಂಚಿಗೆ ಬಿಜಾಗರಿ ಇದ್ದು ಕೆಳಗಿನಿಂದ ಹೊರಕ್ಕೆ ತೆರೆಯುವ ಕಿಟಕಿ. ತೆರೆದ ಕದವೇ ಸಣ್ಣ ಸಜ್ಜದಂತೆ ನಿಲ್ಲುವುದರಿಂದ ಸಾಧಾರಣ ಮಳೆ ಬರುತ್ತಿದ್ದರೂ ತೆರೆದಿಡಬಹುದು. ಜುಲೈ ತಿಂಗಳಿಡೀ ಮುಚ್ಚಿದ ಕೋಣೆಯ ಬಟ್ಟೆ, ಪುಸ್ತಕ, ಹಾಸಿಗೆಗೆ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಪ್ರತಿ ಮಲಗುವ ಕೋಣೆಯಲ್ಲೂ ಅಡುಗೆಮನೆಯಲ್ಲೂ ಬಚ್ಚಲಲ್ಲೂ ಇಂಥದೊಂದಾದರೂ ಇರಲಿ.

ಮರ

ತಂದೆಯವರ ಮಾತಿಗೆ ನಿಮ್ಮ ಊರಿನಲ್ಲೇ ಸಾಕ್ಷಿಯಿದೆ. ಕರಾವಳಿಯ ಹಳೆಯ ಮನೆಗಳಲ್ಲಿ ತೇಗ, ಹೆಬ್ಬಲಸು, ಹಲಸು, ಕಿರಾಲಬೋಗಿಯ ದಾರಂದಗಳು ತಲೆಮಾರುಗಳನ್ನು ದಾಟಿ ನಿಂತಿವೆ. ಆದರೆ ಅವು ನಿಂತದ್ದು ಇಳಿಮಾಡಿನ ನೆರಳಿನಲ್ಲಿ, ಬಲಿತ ಮರದ ಚೇಗಿನಿಂದ ಮಾಡಿದ್ದರಿಂದ. ತೇಗಕ್ಕೆ ಗೆದ್ದಲು ಹಿಡಿಯದಿರುವುದು ಅದರ ಚೇಗಿನ ಗುಣ; ಹೊರಗಿನ ಬಿಳಿಯ ಭಾಗಕ್ಕೆ ಆ ಶಕ್ತಿಯಿಲ್ಲ. ಇಂದು ಅಂಗಡಿಗಳಲ್ಲಿ ಸಿಗುವ ತೇಗದಲ್ಲಿ ಬಹಳಷ್ಟು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ನೆಡುತೋಪುಗಳಿಂದ ಬಂದದ್ದು. ಬೇಗ ಕಡಿದ ಎಳೆಯ ಮರದಲ್ಲಿ ಬಿಳಿಯ ಭಾಗ ಹೆಚ್ಚು. ಹೆಸರು ತೇಗವೆಂದ ಮಾತ್ರಕ್ಕೆ ಒಪ್ಪಬೇಡಿ, ಪ್ರತಿ ತುಂಡಿನ ಅಂಚು ನೋಡಿ. ತೇವಾಂಶ ಅಳೆಯುವ ಸಣ್ಣ ಮೀಟರಿನಲ್ಲಿ ಶೇ 12ರಿಂದ 14ರ ಆಸುಪಾಸು ತೋರಿಸಬೇಕು. ಹಸಿ ಮರ ಬೇಸಿಗೆಯಲ್ಲಿ ಸೆಟೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಉಬ್ಬಿ ಕದ ಮುಚ್ಚಲಾಗುವುದಿಲ್ಲ. ಅರಣ್ಯ ಇಲಾಖೆಯ ಡಿಪೊಗಳಲ್ಲಿ ಹರಾಜಾಗುವ ದಾಂಡೇಲಿ ಕಡೆಯ ತೇಗಕ್ಕೆ ಒಳ್ಳೆಯ ಹೆಸರಿದೆ. ಹಳೆಯ ಮನೆ ಕಳಚಿದ ಮರ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಬಲಿತದ್ದು, ಚೆನ್ನಾಗಿ ಒಣಗಿದ್ದು. ಮೊಳೆ ಕಿತ್ತು ಕುಟ್ಟೆಹುಳದ ತೂತುಗಳಿಲ್ಲವೆಂದು ಖಚಿತ ಮಾಡಿಕೊಂಡರೆ ಆಯಿತು.

ಮರದ ಇನ್ನೊಂದು ಗುಣವನ್ನು ಮರೆಯಬಾರದು. ಅದನ್ನು ಊರಿನ ಆಚಾರಿಯೇ ರಿಪೇರಿ ಮಾಡಬಲ್ಲರು. ಇಪ್ಪತ್ತು ವರ್ಷದ ನಂತರವೂ ಒಂದು ಪಟ್ಟಿ ಬದಲಿಸಬಹುದು, ಬಿಜಾಗರಿ ಹೊಸದು ಹಾಕಬಹುದು. ಬದಲಿಗೆ ಅದು ಕೇಳುವುದು ಕೆಲವು ವರ್ಷಕ್ಕೊಮ್ಮೆ ಎಣ್ಣೆ ಅಥವಾ ಪಾಲಿಶ್. ಬಿಸಿಲು ಮಳೆ ಬಡಿಯುವ ಪಡುವಣದಲ್ಲಿ ಈ ಆರೈಕೆ ಬೇಗಬೇಗ ಬೇಕಾಗುತ್ತದೆ; ಜಗಲಿಯ ನೆರಳಿನಲ್ಲಿ ಅಪರೂಪಕ್ಕೆ ಸಾಕು.

ಯುಪಿವಿಸಿ

ನೀರಿನ ಪೈಪಿನ ಪಿವಿಸಿಯ ಜಾತಿಯದೇ ಇದು. ಮೆದುಗೊಳಿಸುವ ರಾಸಾಯನಿಕ ಸೇರಿಸಿರುವುದಿಲ್ಲ. ಜರ್ಮನಿಯಲ್ಲಿ 1950ರ ದಶಕದಲ್ಲಿ ಕಿಟಕಿಗೆ ಬಳಕೆಗೆ ಬಂತು. ಉಪ್ಪಿಗೆ ಜಗ್ಗುವುದಿಲ್ಲ, ನೀರು ಕುಡಿಯುವುದಿಲ್ಲ, ಗೆದ್ದಲಿಗೆ ಆಹಾರವಲ್ಲ. ಮೂಲೆಗಳನ್ನು ಸುಮಾರು 250 ಡಿಗ್ರಿ ಶಾಖದಲ್ಲಿ ಕರಗಿಸಿ ಬೆಸೆಯುವುದರಿಂದ ಅಲ್ಲಿ ಸಂದು ಉಳಿಯುವುದಿಲ್ಲ. ಕರಾವಳಿಗೆ ಇದನ್ನು ಶಿಫಾರಸು ಮಾಡುವುದು ಇದಕ್ಕೇ.

ಅದರ ವೈರಿ ಬಿಸಿಲು. ನೇರಳಾತೀತ ಕಿರಣ ತಡೆಯಲು ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಅದು ಕಡಿಮೆಯಾದ ಅಗ್ಗದ ಮಾಲು ಕೆಲವೇ ವರ್ಷಗಳಲ್ಲಿ ಹಳದಿಗೆ ತಿರುಗಿ ಪೆಡಸಾಗುತ್ತದೆ. ಐರೋಪ್ಯ ಮಾನದಂಡ ಇಎನ್ 12608 ಚೌಕಟ್ಟಿನ ಪಟ್ಟಿಗಳನ್ನು, ಅಂದರೆ ಪ್ರೊಫೈಲುಗಳನ್ನು, ಸಾಧಾರಣ ಹವೆ ಮತ್ತು ತೀವ್ರ ಹವೆ ಎಂದು ಎರಡಾಗಿ ವಿಂಗಡಿಸುತ್ತದೆ. ವರ್ಷದ ಅತಿ ಬಿಸಿ ತಿಂಗಳಿನ ದಿನದ ಗರಿಷ್ಠ ತಾಪಮಾನದ ಸರಾಸರಿ 22 ಡಿಗ್ರಿ ದಾಟಿದರೇ ಅದು ತೀವ್ರ ಹವೆ. ಅಂದರೆ ಇಡೀ ಕರ್ನಾಟಕ ಆ ವರ್ಗಕ್ಕೆ ಸೇರುತ್ತದೆ. ಮಾರುವವರನ್ನು ಕೇಳಿ: ಈ ಪ್ರೊಫೈಲ್ ತೀವ್ರ ಹವೆಯ 'ಎಸ್' ವರ್ಗದ್ದೇ? ಪ್ರೊಫೈಲಿನ ಗೋಡೆಯ ದಪ್ಪ 'ಎ' ದರ್ಜೆಯದೇ, 'ಬಿ' ದರ್ಜೆಯದೇ? 'ಎ' ಎಂದರೆ ಕಣ್ಣಿಗೆ ಕಾಣುವ ಹೊರಗೋಡೆ ಕನಿಷ್ಠ 2.8 ಮಿಲಿಮೀಟರ್, 'ಬಿ' ಎಂದರೆ 2.5. ಸ್ಥಿರತೆಗೆ ಸೀಸ ಬಳಸಿದ್ದಾರೋ ಕ್ಯಾಲ್ಸಿಯಂ-ಸತು ಬಳಸಿದ್ದಾರೋ ಎಂದೂ ಕೇಳಿ, ಎರಡನೆಯದನ್ನು ಆರಿಸಿ.

ಬಿಳಿ ಬಣ್ಣ ಎಂದು ಒತ್ತಿ ಹೇಳಿದ್ದಕ್ಕೂ ಕಾರಣವಿದೆ. ಪಿವಿಸಿ ಶಾಖಕ್ಕೆ ಬಹಳ ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಬಿಸಿಯೇರಿದರೆ 4 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅದೇ ಅಲ್ಯೂಮಿನಿಯಂ ಬೆಳೆಯುವುದು ಒಂದೂವರೆ ಮಿಲಿಮೀಟರಿಗೂ ಕಡಿಮೆ. ಮರದ ಬಣ್ಣದ ಕಡು ಹಾಳೆ ಅಂಟಿಸಿದ ಪ್ರೊಫೈಲ್ ಪಡುವಣ ಬಿಸಿಲಿನಲ್ಲಿ ಬಿಳಿಯದಕ್ಕಿಂತ ತುಂಬಾ ಹೆಚ್ಚು ಕಾಯುತ್ತದೆ, ಬಾಗುವ ಸಾಧ್ಯತೆಯೂ ಹೆಚ್ಚು. ಪ್ರೊಫೈಲಿನೊಳಗೆ ಗಟ್ಟಿತನಕ್ಕೆ ಹಾಕುವ ಉಕ್ಕಿನ ಪಟ್ಟಿ ಸತು ಲೇಪಿತವಾಗಿರಬೇಕು, ಅದರ ದಪ್ಪ ಒಂದೂವರೆ ಮಿಲಿಮೀಟರಾದರೂ ಇರಲಿ. ಹೊರಗೆ ಕಾಣದ್ದರಿಂದ ದರ ಇಳಿಸಲು ಮೊದಲು ಕತ್ತರಿ ಬೀಳುವುದು ಇದಕ್ಕೇ. ತುಂಡು ಪ್ರೊಫೈಲನ್ನು ಅಡ್ಡಕ್ಕೆ ಕತ್ತರಿಸಿ ತೋರಿಸಲು ಹೇಳಿ.

ಅಲ್ಯೂಮಿನಿಯಂ ಮತ್ತು ಉಕ್ಕು

ಅಲ್ಯೂಮಿನಿಯಂ ಗಟ್ಟಿ, ಪಟ್ಟಿ ತೆಳ್ಳಗಿರುತ್ತದೆ, ಗಾಜಿಗೆ ಹೆಚ್ಚು ಜಾಗ ಸಿಗುತ್ತದೆ. ಎಂಟು ಹತ್ತು ಅಡಿ ಅಗಲದ ಬಾಗಿಲು-ಕಿಟಕಿಗೆ ಇದಕ್ಕೆ ಸಾಟಿಯಿಲ್ಲ. ಯುಪಿವಿಸಿ ಮಾರುವವರು ಅಲ್ಯೂಮಿನಿಯಂ ಸಾವಿರ ಪಟ್ಟು ಹೆಚ್ಚು ಶಾಖ ಹರಿಸುತ್ತದೆ ಎನ್ನುತ್ತಾರೆ. ಲೋಹದ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ನಿಜ. ಆದರೆ ಹಗಲೆಲ್ಲ ಕಿಟಕಿ ತೆರೆದಿಡುವ, ಎ.ಸಿ. ಇಲ್ಲದ ಮನೆಯಲ್ಲಿ ಚೌಕಟ್ಟಿನ ಮೂಲಕ ಹರಿಯುವ ಶಾಖ ದೊಡ್ಡ ವಿಷಯವಲ್ಲ. ನಿಮ್ಮ ಮನೆಗೆ ಅಲ್ಯೂಮಿನಿಯಂ ಬೇಡವೆನ್ನುವುದಕ್ಕೆ ಮುಖ್ಯ ಕಾರಣ ಉಪ್ಪು. ಲೇಪನ ತೆಳುವಾದಲ್ಲಿ ಬಿಳಿ ಪುಡಿಯೇಳುತ್ತದೆ, ಸಣ್ಣ ಗುಳಿಗಳು ಬೀಳುತ್ತವೆ; ಸಾದಾ ಕಬ್ಬಿಣದ ಸ್ಕ್ರೂ ಹಾಕಿದಲ್ಲಿ ಎರಡು ಲೋಹ ಸೇರಿ ಸವೆತ ಇನ್ನೂ ಬೇಗ. ಹಾಕಿಸುವುದಾದರೆ ಆನೋಡೈಸಿಂಗ್ 25 ಮೈಕ್ರಾನ್, ಅಥವಾ ಪೌಡರ್ ಕೋಟಿಂಗ್ 60ರಿಂದ 80 ಮೈಕ್ರಾನ್ ಎಂದು ಬರೆಸಿಕೊಳ್ಳಿ. ಹಸಿ ಸಿಮೆಂಟ್ ತಾಗಿದರೂ ಕಲೆ ಬೀಳುತ್ತದೆ. ಗಾರೆ ಮುಗಿಯುವವರೆಗೆ ರಕ್ಷಣೆಯ ಟೇಪ್ ಕೀಳಿಸಬೇಡಿ, ಕೊನೆಯಲ್ಲಿ ನೆಲಕ್ಕೆ ಆ್ಯಸಿಡ್ ಹಾಕಿ ತೊಳೆಯುವಾಗ ಕಿಟಕಿ ಮುಚ್ಚಿಸಿ.

ಈಚೆಗೆ ಕರಾವಳಿಯಲ್ಲಿ ಜನಪ್ರಿಯವಾಗಿರುವ, ಸತು ಲೇಪಿಸಿದ ಉಕ್ಕಿನ ಜಿ.ಐ. ಕಿಟಕಿಗಳು ಗಟ್ಟಿ, ಸರಳಿನ ಸಮೇತ ಬರುತ್ತವೆ, ದರವೂ ಹಿತ. ಆದರೆ ಬೆಸುಗೆ ಹಾಕಿದ ಕಡೆಯೆಲ್ಲ ಸತುವಿನ ಲೇಪನ ಸುಟ್ಟುಹೋಗಿರುತ್ತದೆ. ಕಡಲಿನ ಹತ್ತಿರ ತುಕ್ಕು ಶುರುವಾಗುವುದೇ ಅಲ್ಲಿಂದ. ಮೂಡಣಕ್ಕೆ, ಕೊಟ್ಟಿಗೆಗೆ, ಉಗ್ರಾಣಕ್ಕೆ ಆದೀತು, ಪಡುವಣಕ್ಕೆ ಬೇಡ.

ಇನ್ನು ಬ್ರಾಂಡ್

ಡಿಸಿಎಂ ಶ್ರೀರಾಮ್ ಸಮೂಹದ ಫೆನೆಸ್ಟಾದಂಥ ಕಂಪನಿ ಪ್ರೊಫೈಲಿನಿಂದ ಹಿಡಿದು ಸಿದ್ಧ ಕಿಟಕಿಯವರೆಗೆ ಎಲ್ಲವನ್ನೂ ತನ್ನ ಹೆಸರಿನಲ್ಲೇ ಕೊಡುತ್ತದೆ. ಜರ್ಮನಿ ಮೂಲದ ರೆಹಾವ್, ವೇಕಾ, ಕೊಮ್ಮರ್ಲಿಂಗ್, ಆಲುಪ್ಲಾಸ್ಟ್, ಬೆಲ್ಜಿಯಂ ಮೂಲದ ಡೆಕೊನಿಂಕ್ ಮುಖ್ಯವಾಗಿ ಪ್ರೊಫೈಲ್ ಕೊಡುತ್ತವೆ. ಕತ್ತರಿಸುವುದು, ಬೆಸೆಯುವುದು, ಗಾಜು ಕೂರಿಸುವುದು ನಿಮ್ಮ ಜಿಲ್ಲೆಯ ಫ್ಯಾಬ್ರಿಕೇಟರ್. ಅಲ್ಯೂಮಿನಿಯಂನಲ್ಲೂ ಬೆಂಗಳೂರಿನ ಜಿಂದಾಲ್ ಅಲ್ಯೂಮಿನಿಯಂ ಮತ್ತು ಹಿಂಡಾಲ್ಕೊದಂಥವು ಸೆಕ್ಷನ್ ಮಾರುತ್ತವೆ, ಕಿಟಕಿ ಮಾಡುವುದು ಊರಿನ ವರ್ಕ್‌ಶಾಪ್. ಶೂಕೊ, ರೇನರ್ಸ್, ಟೋಸ್ಟೆಮ್‌ನಂಥವು ಹಿಡಿ, ರಬ್ಬರ್, ಬಿಜಾಗರಿ ಎಲ್ಲ ಹೊಂದಿಕೆಯಾದ ಪೂರ್ಣ ಸಿಸ್ಟಮ್ ಕೊಡುತ್ತವೆ, ದರವೂ ಅದಕ್ಕೆ ತಕ್ಕಂತೆ. ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಅಂಗಿ ಕೂರುವುದು ದರ್ಜಿಯ ಕೈಯಲ್ಲಿ. ಕಿಟಕಿಯ ಬ್ರಾಂಡ್ ಬಹುಮಟ್ಟಿಗೆ ಬಟ್ಟೆಯ ಹೆಸರು.

ಆದ್ದರಿಂದ ಮೇಲಿನ ಹೆಸರುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಗಿಂತ, ಉಡುಪಿ-ಮಂಗಳೂರು ಭಾಗದಲ್ಲಿ ಯಾವುದಕ್ಕೆ ಅಧಿಕೃತ ಫ್ಯಾಬ್ರಿಕೇಟರ್ ಇದ್ದಾರೆ, ಅವರು ಕನಿಷ್ಠ ನಾಲ್ಕೈದು ಮಳೆಗಾಲ ಕಂಡ ಮನೆಗಳನ್ನು ತೋರಿಸಬಲ್ಲರೇ ಎಂಬುದನ್ನು ನೋಡಿ. ಅಂಥ ಮನೆಗೆ ಹೋಗಿ ಪಡುವಣದ ಕಿಟಕಿಯನ್ನೇ ತೆರೆದು ಮುಚ್ಚಿ. ಕದ ಜೋತುಬಿದ್ದಿದೆಯೇ, ಚೌಕಟ್ಟಿನ ಕೆಳಗಿನ ಗೋಡೆಯಲ್ಲಿ ತೇವದ ಕಲೆ ಇದೆಯೇ, ಬಿಜಾಗರಿಯ ಸ್ಕ್ರೂ ತುಕ್ಕು ಹಿಡಿದಿದೆಯೇ ನೋಡಿ. ಚೌಕಟ್ಟಿಗಿಂತ ಮೊದಲು ಕೆಡುವುದು ಹಾರ್ಡ್‌ವೇರ್. ರೋಟೊ, ಸೀಗೇನಿಯಾ, ಜೀಸೆ, ಕಿನ್‌ಲಾಂಗ್ ಹೀಗೆ ಯಾವುದೇ ಇರಲಿ, ಅದರ ಹೆಸರು ಕರಾರಿನಲ್ಲಿ ಬರಬೇಕು. ಕಡಲಿನ ಸಮೀಪಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಉತ್ತಮ. ಅದರಲ್ಲಿರುವ ಮಾಲಿಬ್ಡಿನಂ ಉಪ್ಪನ್ನು ತಡೆಯುತ್ತದೆ. ಸಿಗದಿದ್ದರೆ 304ಕ್ಕಿಂತ ಕೆಳಗೆ ಇಳಿಯಬೇಡಿ.

ಗಾಜು, ಸರಳು, ಪರದೆ

ಗಾಜಿಗೆ ಹೆಚ್ಚು ಯೋಚನೆ ಬೇಡ. ಸಣ್ಣ ಕದಗಳಿಗೆ 5 ಮಿಲಿಮೀಟರ್ ಸಾಕು. ದೊಡ್ಡ ಹಲಗೆಗೆ, ನೆಲದ ತನಕ ಇಳಿಯುವ ಗಾಜಿಗೆ ಟಫನ್ಡ್ ಕಡ್ಡಾಯ. ಎರಡು ಗಾಜಿನ ನಡುವೆ ಗಾಳಿ ಮುಚ್ಚಿದ ಡಬಲ್ ಗ್ಲೇಜಿಂಗ್ ಶಾಖದ ಹರಿವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಆದರೆ ಅದರ ಪ್ರಯೋಜನ ಕಿಟಕಿ ಮುಚ್ಚಿದಾಗ ಮಾತ್ರ. ಎ.ಸಿ. ಹಾಕುವ ಕೋಣೆಗಷ್ಟೇ ಯೋಚಿಸಿ. ರಾಷ್ಟ್ರೀಯ ಹೆದ್ದಾರಿ 66ರ ಸದ್ದು ಕೇಳುವ ಕೋಣೆ ಇದ್ದರೆ ನಡುವೆ ಹಾಳೆ ಇರುವ ಲ್ಯಾಮಿನೇಟೆಡ್ ಗಾಜು ಹೆಚ್ಚು ಕೆಲಸಕ್ಕೆ ಬರುತ್ತದೆ. ಸಾದಾ ಗಾಜು ಬಿಸಿಲಿನ ಶಾಖದ ಶೇ 80ರಷ್ಟನ್ನು ಒಳಗೆ ಬಿಡುವುದರಿಂದ ಪಡುವಣಕ್ಕೆ ಗಾಜಿನ ಅಳತೆ ಮಿತವಾಗಿರಲಿ.

ಸರಳು ಮತ್ತು ಸೊಳ್ಳೆಪರದೆಯ ಜಾಗವನ್ನು ಈಗಲೇ ಗೊತ್ತು ಮಾಡಿ. ಕದ ಹೊರಕ್ಕೆ, ಸರಳು ನಡುವೆ, ಪರದೆ ಒಳಗೆ – ಈ ಕ್ರಮದಲ್ಲಿ ಮೂರೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹಿಡಿಗೆ ಕೈ ಎಟಕುವಂತೆ ಪರದೆ ತೆರೆಯುವಂತಿರಬೇಕು. ಪ್ರತಿ ಮಲಗುವ ಕೋಣೆಯಲ್ಲೂ ಒಂದು ಸರಳಿನ ಚೌಕಟ್ಟು ಒಳಗಿನಿಂದ ತೆರೆಯುವಂತೆ ಮಾಡಿಸಿ. ಬೆಂಕಿಯ ಸಮಯದಲ್ಲಿ ಜೀವ ಉಳಿಸುವ ದಾರಿ ಅದು.

ಬೇರೆ ಜಿಲ್ಲೆಯ ಓದುಗರಿಗೆ ಒಂದು ಮಾತು: ಕಲಬುರಗಿ, ರಾಯಚೂರಿನ ಕಡೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಉಪ್ಪಿಲ್ಲ, ಧೂಳು ಮತ್ತು 40 ಡಿಗ್ರಿ ದಾಟುವ ಬಿಸಿಲಿದೆ. ಸಣ್ಣ ಕಿಟಕಿ, ಆಳವಾದ ನೆರಳು, ಬಿಗಿಯಾಗಿ ಮುಚ್ಚುವ ಕದ ಮುಖ್ಯ. ಸೌಮ್ಯ ಹವೆಯ ಬೆಂಗಳೂರು, ಮೈಸೂರುಗಳಲ್ಲಿ ಮೂರು ವಸ್ತುಗಳೂ ನಡೆಯುತ್ತವೆ, ಸಜ್ಜ ಚೆನ್ನಾಗಿದ್ದರೆ ಸ್ಲೈಡಿಂಗ್ ಕೂಡ.

ಕೆಲಸದ ಕ್ರಮ ಮತ್ತು ಕರಾರು

ಮರದ ಚೌಕಟ್ಟನ್ನು ಗೋಡೆಯ ಜೊತೆಗೇ ಕೂರಿಸಬಹುದು. ಯುಪಿವಿಸಿ, ಅಲ್ಯೂಮಿನಿಯಂಗೆ ಅಳತೆ ತೆಗೆಯುವುದು ಗಾರೆ ಮುಗಿದು ಗ್ರಾನೈಟ್ ಕೂತ ಮೇಲೆ. ಮುರಕಲ್ಲಿನ ಅಂಚಿಗೆ ಸ್ಕ್ರೂ ಹೊಡೆದರೆ ಪುಡಿಯಾಗಿ ಹಿಡಿತ ಸಿಗುವುದಿಲ್ಲ. ಕಿಟಕಿಯ ಜಾಗದ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸಲು ಈಗಲೇ ಮೇಸ್ತ್ರಿಗೆ ಹೇಳಿ. ಚೌಕಟ್ಟಿನ ಸುತ್ತ 5 ಮಿಲಿಮೀಟರಿನಷ್ಟು ಸಂದು ಬಿಟ್ಟು, ಅದನ್ನು ಫೋಮ್‌ನಿಂದ ತುಂಬಿ, ಹೊರಗಿನಿಂದ ನ್ಯೂಟ್ರಲ್ ಸಿಲಿಕೋನ್ ಹಾಕಬೇಕು. ಆ ಸಂದಿಗೆ ಸಿಮೆಂಟ್ ತುಂಬಿದರೆ ಯುಪಿವಿಸಿ ಹಿಗ್ಗಲು ಜಾಗವಿರುವುದಿಲ್ಲ.

ಮೂವರಿಂದ ದರ ತರಿಸಿ, ಆದರೆ ಎಲ್ಲರಿಗೂ ಒಂದೇ ಪಟ್ಟಿ ಕೊಡಿ: ಪ್ರತಿ ಕಿಟಕಿಯ ಅಳತೆ, ತೆರೆಯುವ ಬಗೆ, ಪ್ರೊಫೈಲಿನ ಹೆಸರು ಮತ್ತು ಗೋಡೆಯ ದಪ್ಪ, ಉಕ್ಕಿನ ದಪ್ಪ, ಗಾಜು, ಹಾರ್ಡ್‌ವೇರ್, ಪರದೆ, ಸಾಗಣೆ, ಕೂರಿಸುವ ಖರ್ಚು, ಜಿಎಸ್‌ಟಿ. ಒಬ್ಬರು ಪರದೆ ಬಿಟ್ಟು, ಇನ್ನೊಬ್ಬರು ತೆರಿಗೆ ಬಿಟ್ಟು ದರ ಹೇಳುವುದರಿಂದಲೇ ನಿಮಗೆ ತಾಳೆ ಸಿಗದಿರುವುದು. ವಾರಂಟಿ ಪ್ರೊಫೈಲಿಗೆ ಎಷ್ಟು ವರ್ಷ, ಹಾರ್ಡ್‌ವೇರಿಗೆ ಎಷ್ಟು, ನೀರು ಸೋರಿದರೆ ಹೊಣೆ ಯಾರದು ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆಸಿ. ಕೊನೆಯ ಕಂತು ಕೊಡುವ ಮೊದಲು ಫ್ಯಾಬ್ರಿಕೇಟರ್ ಎದುರಲ್ಲೇ ಪಡುವಣದ ಪ್ರತಿ ಕಿಟಕಿಯನ್ನೂ ಮುಚ್ಚಿ, ಹೊರಗಿನಿಂದ ಪೈಪಿನಲ್ಲಿ ಹದಿನೈದು ನಿಮಿಷ ನೀರು ಹೊಡೆಸಿ. ಒಳಗೆ ಒಂದು ಹನಿ ಕಂಡರೂ ಸರಿಪಡಿಸುವವರೆಗೆ ಹಣ ತಡೆಹಿಡಿಯುವುದಾಗಿ ಕರಾರಿನಲ್ಲೇ ಸೇರಿಸಿ. ಈ ಷರತ್ತಿಗೆ ತಕರಾರಿಲ್ಲದೆ ಸಹಿ ಹಾಕುವವರಿಗೆ ಕೆಲಸ ಕೊಡಿ, ಅವರ ದರ ತುಸು ಹೆಚ್ಚಿದ್ದರೂ ಸರಿ.